ಗುಂಡಿ ಒತ್ತಿದ್ದು ನಾವು, ಮಿಕ್ಕಿದ್ದು ಯಾರು?

ಗೆಳೆಯರಲ್ಲಿ ಯಾರಾದರೂ ಕ್ಯಾಮೆರಾ ಕೊಳ್ಳಲು ಹೊರಟರೆ ಮೊದಲು ಕೇಳುವ ಪ್ರಶ್ನೆ "ಯಾವುದು ತಗೊಳ್ಳಲಿ?" ಕೊಂಡು ಆರು ತಿಂಗಳಾದ ಮೇಲೆ ಅವರೇ ಕೇಳುವ ಪ್ರಶ್ನೆ "ಇಷ್ಟು ದುಡ್ಡು ಸುರಿದರೂ ನನ್ನ ಫೋಟೋ ಯಾಕೆ ಹೀಗೆ ಬರುತ್ತೆ?" ಮೊದಲನೆಯದಕ್ಕೆ ನೆಟ್‌ನಲ್ಲಿ ಸಾವಿರ ಉತ್ತರಗಳಿವೆ. ಎರಡನೆಯದಕ್ಕೆ ಸರಿಯಾದ ಉತ್ತರ ಇತಿಹಾಸದಲ್ಲಿದೆ ಅನ್ನುವುದು ನನ್ನ ಅನಿಸಿಕೆ. ಛಾಯಾಗ್ರಹಣ ಕಲಿಯುವವರಿಗೆ ಇತಿಹಾಸ ಯಾಕಪ್ಪಾ ಅಂತೀರಾ? ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಬೈಯಿರಿ :-)

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ 'ಕೊಡ್ಯಾಕ್' ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟ. ಅದರ ಜಾಹೀರಾತು ಹೇಳಿದ್ದು ಇಷ್ಟೇ: ಗುಂಡಿ ನೀವು ಒತ್ತಿ, ಮಿಕ್ಕಿದ್ದು ನಮಗೆ ಬಿಡಿ. ಫೋಟೋಗ್ರಫಿಯ ಚರಿತ್ರೆಯನ್ನು ಎರಡು ಭಾಗ ಮಾಡಿದ ಮಾತು ಅದು. ಅದಕ್ಕೂ ಮುಂಚೆ ಫೋಟೋ ತೆಗೆಯುವವನಿಗೆ ಬೆಳಕು, ಸಮಯ, ಲೆನ್ಸು, ರಸಾಯನ, ಮುದ್ರಣ ಎಲ್ಲವೂ ಗೊತ್ತಿರಲೇಬೇಕಿತ್ತು. ಆಮೇಲೆ ಗುಂಡಿ ಒಬ್ಬರ ಕೈಯಲ್ಲಿ, 'ಮಿಕ್ಕಿದ್ದು' ಇನ್ಯಾರದೋ ಕೈಯಲ್ಲಿ. ಇಂದು ನಮ್ಮ ಕ್ಯಾಮೆರಾದ ಆಟೋ ಮೋಡ್ ಅಂದರೆ ಅದೇ 'ಮಿಕ್ಕಿದ್ದು', ಅಷ್ಟೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಯಾರೋ ಬರೆದಿಟ್ಟ ಲೈಬ್ರರಿ ಫಂಕ್ಷನ್ನು. ಕೆಲಸ ಮಾಡುವಷ್ಟು ದಿನ ಚೆನ್ನ. ಕೈಕೊಟ್ಟ ದಿನ ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ತಲೆ ಚಚ್ಚಿಕೊಳ್ಳುವುದೊಂದೇ ಗತಿ.

ಆ ಒಳಗಿನದನ್ನು ಒಂದೊಂದಾಗಿ ಬಿಚ್ಚಿ ನೋಡೋಣ. ಅದು ಕಂಡುಹಿಡಿದ ಕ್ರಮದಲ್ಲೇ.

ಖಾಲಿ ಬೀದಿಯಲ್ಲಿ ಬೂಟ್ ಪಾಲಿಶ್

ಉಳಿದುಬಂದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದ. ಲೋಹದ ತಗಡಿನ ಮೇಲೆ ಒಂದು ಬಗೆಯ ಡಾಂಬರು ಬಳಿದು, ಕನಿಷ್ಠ ಎಂಟು ಗಂಟೆ ಬಿಸಿಲಿಗೆ ಒಡ್ಡಿದ್ದ. ಎಂಟು ಗಂಟೆಯಲ್ಲ, ಹಲವು ದಿನಗಳೇ ಬೇಕಾಗಿರಬೇಕು ಎನ್ನುವವರೂ ಇದ್ದಾರೆ. ಅಷ್ಟು ಹೊತ್ತಿನಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋಗಿಬಿಡುತ್ತಾನಲ್ಲ, ಹಾಗಾಗಿ ಆ ಚಿತ್ರದಲ್ಲಿ ಎದುರುಬದುರಿನ ಎರಡೂ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ!

ಅವನ ಪಾಲುದಾರ ಲೂಯಿ ಡಾಗೇರ್ ಈ ಕಾಲವನ್ನು ನಿಮಿಷಗಳಿಗೆ ಇಳಿಸಿದ. 1838ರ ಸುಮಾರಿಗೆ ಅವನು ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಕುದುರೆಗಾಡಿಗಳು, ಜನ, ಗಲಾಟೆ ಎಲ್ಲ ಇರುತ್ತಿದ್ದ ಬೀದಿ. ಚಿತ್ರದಲ್ಲಿ ಮಾತ್ರ ಬಿಕೋ ಅನ್ನುತ್ತಿದೆ. ಓಡಾಡುವವರು ಯಾರೂ ತಗಡಿನ ಮೇಲೆ ಅಚ್ಚೊತ್ತುವಷ್ಟು ಹೊತ್ತು ಒಂದೆಡೆ ನಿಲ್ಲಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಕಾಣುತ್ತಾನೆ. ಯಾಕೆ ಗೊತ್ತಾ? ಅವನು ಕಾಲು ಎತ್ತಿಟ್ಟು ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ. ಫೋಟೋದಲ್ಲಿ ಸೆರೆಸಿಕ್ಕ ಮೊದಲ ಮನುಷ್ಯರಲ್ಲಿ ಒಬ್ಬ ಅನ್ನುವ ಹೆಸರು ಅವನಿಗೆ ಪುಕ್ಕಟೆ ಸಿಕ್ಕಿತು. ಅವನ ಹೆಸರೇನೋ ಯಾರಿಗೂ ಗೊತ್ತಿಲ್ಲ!

ಶಟರ್ ಸ್ಪೀಡ್ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಯಾವ ಮ್ಯಾನ್ಯುಯಲ್ಲಿನಲ್ಲೂ ಓದಿಲ್ಲ. ಫೋಟೋ ಅಂದರೆ ಒಂದು ಕ್ಷಣ ಅಂದುಕೊಳ್ಳುತ್ತೇವೆ. ಅಲ್ಲ, ಅದು ಕಾಲದ ಒಂದು ತುಂಡು. ಆ ತುಂಡು ಎಷ್ಟು ಉದ್ದವಿರಬೇಕು ಅನ್ನುವುದು ನಿಮ್ಮ ತೀರ್ಮಾನ. 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ ಓಡುವ ಕುದುರೆಯ ಚಿತ್ರ ತೆಗೆದಾಗ ತುಂಡು ಬಹಳ ಚಿಕ್ಕದಾಗಿತ್ತು. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟಿರುವುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಶತಮಾನಗಳಿಂದ ಚಿತ್ರಕಾರರು ಬರೆದಂತೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿದಾಗ!

ಇದನ್ನು ಮನೆಯಲ್ಲೇ ಕಲಿಯಬಹುದು. ಫೋನಿನ ಪ್ರೊ ಮೋಡ್ ಆಗಲಿ, ಕ್ಯಾಮೆರಾದ ಎಸ್ ಅಥವಾ ಟಿವಿ ಮೋಡ್ ಆಗಲಿ ಆರಿಸಿಕೊಂಡು, ಬಿಟ್ಟ ನಲ್ಲಿಯ ನೀರನ್ನು 1/1000 ಸೆಕೆಂಡಿನಲ್ಲಿ ಒಂದು, 1/60ರಲ್ಲಿ ಒಂದು, 1/4ರಲ್ಲಿ ಒಂದು ತೆಗೆಯಿರಿ. ಮೊದಲನೆಯದರಲ್ಲಿ ಮುತ್ತು, ಕೊನೆಯದರಲ್ಲಿ ರೇಷ್ಮೆ. ಕೊನೆಯದಕ್ಕೆ ಕ್ಯಾಮೆರಾವನ್ನು ಯಾವುದಾದರೂ ಡಬ್ಬದ ಮೇಲೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಲ್ಲಿಯೂ ರೇಷ್ಮೆಯಾಗುತ್ತದೆ.

ಹಳೇಬೀಡಿನ ಮೇಲಿನ ಆಕಾಶ

ಡಾಗೇರ್‌ನ ವಿಧಾನದ ವಿವರ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರ ಆಗಸ್ಟ್ 19ರಂದು. ಅತ್ತ ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅಷ್ಟರಲ್ಲಾಗಲೇ ಕಾಗದದ ಮೇಲೆ ನೆಗೆಟಿವ್ ಮೂಡಿಸಿದ್ದ. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಚಿತ್ರ ಬರೆಯಲು ಕೂತು, ಕೈಗೆ ಒಲಿಯದೆ, 'ಈ ಬೆಳಕೇ ತನ್ನಷ್ಟಕ್ಕೆ ಕಾಗದದ ಮೇಲೆ ಅಚ್ಚಾಗಿಬಿಟ್ಟರೆ?' ಅಂತ ಯೋಚಿಸಿದ ಮನುಷ್ಯ ಅವನು. ಚಿತ್ರ ಬರೆಯಲು ಬಾರದವರೇ ಧೈರ್ಯಗೆಡಬೇಡಿ, ಈ ಕಲೆಯ ಒಬ್ಬ ಮೂಲಪುರುಷನಿಗೂ ಬರುತ್ತಿರಲಿಲ್ಲ!

ಟಾಲ್ಬಟ್‌ನ ದಾರಿಯ ಕಾಗದದ ನೆಗೆಟಿವ್ ಹಿಡಿದು 1854ರ ಡಿಸೆಂಬರಿನಲ್ಲಿ ನಮ್ಮ ಹಳೇಬೀಡು, ಬೇಲೂರಿಗೆ ಬಂದವನು ಲಿನೇಯಸ್ ಟ್ರೈಪ್. ಮದ್ರಾಸ್ ಸೈನ್ಯದ ಅಧಿಕಾರಿ. ಹೊಯ್ಸಳರ ಶಿಲ್ಪಗಳಿಗೆ ಕ್ಯಾಮೆರಾ ಹಿಡಿದ ಮೊದಲಿಗರಲ್ಲಿ ಒಬ್ಬ. 1855ರ ಮದ್ರಾಸ್ ಪ್ರದರ್ಶನದಲ್ಲಿ ಅವನು 68 ಫೋಟೋಗಳನ್ನು ಇಟ್ಟಿದ್ದ. ಅದೇ ದಶಕದಲ್ಲಿ ಬಾಂಬೆ (1854), ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ (1856) ಫೋಟೋಗ್ರಫಿಕ್ ಸೊಸೈಟಿಗಳು ಶುರುವಾದವು. ಅಂದರೆ ಈ ಕಲೆ ಬಹಿರಂಗವಾದ ಸುಮಾರು ಹದಿನೈದು ವರ್ಷಕ್ಕೆ ನಮ್ಮ ಹಾಸನದ ಬಿಸಿಲನ್ನು ಕಂಡಿತ್ತು.

ಅಂದಿನ ಫೋಟೋಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಆಕಾಶ ಬೆಳ್ಳಗೆ, ಖಾಲಿ ಹಾಳೆಯ ಹಾಗೆ. ಆ ಕಾಲದ ರಾಸಾಯನಿಕಗಳಿಗೆ ಸಂವೇದನೆ ಇದ್ದದ್ದು ಮುಖ್ಯವಾಗಿ ನೀಲಿ ಬೆಳಕಿಗೆ. ಕಪ್ಪು ಕಲ್ಲಿನ ವಿವರ ಬರುವಷ್ಟು ಹೊತ್ತು ತೆರೆದಿಟ್ಟರೆ ನೀಲಿ ಆಕಾಶ ಅತಿಯಾಗಿ ಬೆಂದು ಮೋಡ ಗೀಡ ಎಲ್ಲ ಮಾಯ. ಟ್ರೈಪ್ ಸುಮ್ಮನೆ ಕೂರಲಿಲ್ಲ. 1855ರಲ್ಲಿ ಬರ್ಮಾಕ್ಕೆ ಹೋದಾಗ ತೆಗೆದ ನೆಗೆಟಿವ್‌ಗಳ ಮೇಲೆ ಬಣ್ಣ ಹಿಡಿದು ಕೈಯಾರೆ ಮೋಡಗಳನ್ನು ಬರೆದ. ಫ್ರಾನ್ಸಿನ ಗುಸ್ತಾವ್ ಲೆ ಗ್ರೆ 1856-57ರ ಸುಮಾರಿಗೆ ಕೆಲವು ಸಮುದ್ರದ ಚಿತ್ರಗಳಲ್ಲಿ ನೀರಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ಎರಡನ್ನೂ ಒಂದೇ ಕಾಗದದಲ್ಲಿ ಅಚ್ಚು ಹಾಕಿದ. ನಮ್ಮ ಫೋನಿನಲ್ಲಿ ಎಚ್‌ಡಿಆರ್ ಅಂತ ಇರುತ್ತದಲ್ಲ, ಅದರ ಮುತ್ತಜ್ಜ ಇವನೇ. 'ಫೋಟೋಶಾಪ್ ಮಾಡಿದ್ದಾರೆ, ಮೋಸ' ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಇದರಲ್ಲಿ ಕಲಿಯುವವರಿಗೆ ಪಾಠ ಏನು? ಕಣ್ಣು ಒಂದೇ ಸಲಕ್ಕೆ ಕಪ್ಪನ್ನೂ ಬಿಳುಪನ್ನೂ ನೋಡುವಷ್ಟು ಕ್ಯಾಮೆರಾ ನೋಡಲಾರದು. 1854ರಲ್ಲೂ ಅಷ್ಟೆ, ಇಂದೂ ಬಹಳ ಮಟ್ಟಿಗೆ ಅಷ್ಟೆ. ಮಟಮಟ ಮಧ್ಯಾಹ್ನ ದೇವಸ್ಥಾನದ ಮುಂದೆ ನಿಂತಾಗ ನಿಮಗೆ ಬೇಕಾದದ್ದು ಶಿಲ್ಪವೋ ಆಕಾಶವೋ ಅಂತ ಮೊದಲು ಆರಿಸಿಕೊಳ್ಳಿ. ಫೋನಿನಲ್ಲಿ ಶಿಲ್ಪದ ಮೇಲೆ ಬೆರಳು ಒತ್ತಿದರೆ ಶಿಲ್ಪಕ್ಕೆ ತಕ್ಕ ಬೆಳಕು, ಆಕಾಶದ ಮೇಲೆ ಒತ್ತಿದರೆ ಆಕಾಶಕ್ಕೆ. ಎರಡೂ ಬೇಕೆಂದರೆ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿರಿ. ಓರೆ ಬಿಸಿಲು ಶಿಲ್ಪದ ಪ್ರತಿ ಗೆರೆಗೂ ಒಂದು ನೆರಳು ಕೊಡುತ್ತದೆ. ನೆತ್ತಿಯ ಮೇಲಿನ ಸೂರ್ಯ ಕೊಡುವುದು ಮೂಗಿನ ಕೆಳಗೆ ಮೀಸೆಯಂಥ ನೆರಳನ್ನು.

ನಲವತ್ತೆಂಟರಲ್ಲಿ ಕಲಿತಾಕೆ

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹಾಯಿಸುವ ವಿಧಾನವನ್ನು ಪ್ರಕಟಿಸಿದ. ಪೇಟೆಂಟ್ ಮಾಡಿಸಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟ. ನಮ್ಮ ಓಪನ್ ಸೋರ್ಸ್ ಮಂದಿ ಅವನ ಫೋಟೋ ಇಟ್ಟುಕೊಳ್ಳಬೇಕು! ಪಾಪ, 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಚಿತ್ರ ಸ್ಪಷ್ಟವಾಗಿ ಬರುತ್ತಿತ್ತು, ಆದರೆ ಕಷ್ಟ ಒಂದಿತ್ತು. ಗಾಜಿನ ಮೇಲಿನ ಲೇಪ ಹಸಿಯಾಗಿರುವಾಗಲೇ, ಸುಮಾರು ಹತ್ತು ಹದಿನೈದು ನಿಮಿಷದೊಳಗೆ, ಫೋಟೋ ತೆಗೆದು ತೊಳೆದುಬಿಡಬೇಕು. ಹೊರಗೆ ಹೋಗುವವನು ಕತ್ತಲೆ ಡೇರೆಯನ್ನೂ ಬಾಟಲಿಗಳನ್ನೂ ಹೊತ್ತೇ ಹೋಗಬೇಕು.

ಇಂಥ ಕಾಲದಲ್ಲಿ, 1863ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿದ್ದ ಒಬ್ಬ ಗೃಹಿಣಿಗೆ ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹುಟ್ಟಿದ್ದು ಕಲ್ಕತ್ತದಲ್ಲಿ, 1815ರಲ್ಲಿ. ಆಗ ಆಕೆಗೆ ವಯಸ್ಸು 48. ಫೋಟೋಗ್ರಫಿಯ ಗಂಧಗಾಳಿ ಗೊತ್ತಿರಲಿಲ್ಲ. ಕಲ್ಲಿದ್ದಲಿನ ಕೋಣೆಯನ್ನು ಡಾರ್ಕ್ ರೂಮ್ ಮಾಡಿಕೊಂಡಳು, ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡಳು. ಊರಿನ ಒಬ್ಬ ರೈತನನ್ನು ಕೂರಿಸಿ ತೆಗೆದ ಮೊಟ್ಟಮೊದಲ ಚಿತ್ರವನ್ನು, ಹಸಿ ಗಾಜಿನ ಮೇಲೆ ಕೈ ಸವರಿ ತಾನೇ ಅಳಿಸಿಹಾಕಿದಳಂತೆ. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ಸರಿಯಾಗಿ ಮೂಡಿದಾಗ ಅದನ್ನೇ ತನ್ನ ಮೊದಲ ಯಶಸ್ಸು ಅಂತ ಕರೆದುಕೊಂಡಳು. ಉಡುಗೊರೆ ಬಂದು ಹೆಚ್ಚುಕಡಿಮೆ ಒಂದೇ ತಿಂಗಳು!

ಆಕೆಯ ಚಿತ್ರಗಳು ಮಸುಕು ಅಂತ ಆ ಕಾಲದ ಪಂಡಿತರು ಹಳಿದರು. ಲೆನ್ಸನ್ನು ತಿರುಗಿಸುತ್ತಾ ಹೋಗುವಾಗ ತನ್ನ ಕಣ್ಣಿಗೆ ಎಲ್ಲಿ ಚೆಂದ ಕಂಡಿತೋ ಅಲ್ಲೇ ನಿಲ್ಲಿಸುತ್ತಿದ್ದೆ, ಉಳಿದವರ ಹಾಗೆ ಪೂರ್ತಿ ಚೂಪಾಗುವವರೆಗೆ ತಿರುಗಿಸುತ್ತಿರಲಿಲ್ಲ ಎಂಬರ್ಥದಲ್ಲಿ ಆಕೆ ಮುಂದೆ ಬರೆದುಕೊಂಡಳು. ದೊಡ್ಡ ಲೆನ್ಸು, ಹತ್ತಿರದ ಮುಖ, ಒಂದೇ ಕಡೆಯಿಂದ ಬರುವ ಬೆಳಕು. ಕಣ್ಣು ಫೋಕಸ್ಸಿನಲ್ಲಿದ್ದರೆ ಕಿವಿ ಮಸುಕು. 1867ರಲ್ಲಿ ಆಕೆ ತೆಗೆದ ವಿಜ್ಞಾನಿ ಜಾನ್ ಹರ್ಷೆಲ್‌ರ ಮುಖವನ್ನು ಹುಡುಕಿ ನೋಡಿ. ಕೆದರಿದ ಬಿಳಿ ಕೂದಲು, ಸುತ್ತ ಕತ್ತಲು, ಬೇರೆ ಏನೂ ಇಲ್ಲ. ಏನೂ ಬೇಕೂ ಇಲ್ಲ.

ಇಂದು 'ಪೋರ್ಟ್ರೇಟ್ ಮೋಡ್' ಲೆಕ್ಕ ಹಾಕಿ ಹಿನ್ನೆಲೆ ಮಸುಕು ಮಾಡುವುದು ಈ ಚೆಂದಕ್ಕೇ. ಅದರ ಹಿಂದಿನ ಭೌತಶಾಸ್ತ್ರ ಸರಳ. ಲೆನ್ಸಿನ ರಂಧ್ರ ದೊಡ್ಡದಾದಷ್ಟು ಫೋಕಸ್ಸಿನ ಆಳ ಕಡಿಮೆ. ರಂಧ್ರ ಚಿಕ್ಕದು ಮಾಡಲು 1858ರಲ್ಲಿ ಜಾನ್ ವಾಟರ್‌ಹೌಸ್ ಹಿತ್ತಾಳೆ ತಗಡುಗಳಲ್ಲಿ ಬೇರೆ ಬೇರೆ ಅಳತೆಯ ತೂತು ಕೊರೆದು ಲೆನ್ಸಿನೊಳಗೆ ತೂರಿಸುವ ಉಪಾಯ ಹೇಳಿದ. ಅವಕ್ಕೆ 'ಸ್ಟಾಪ್' ಅಂತ ಹೆಸರು. ನಮ್ಮ ಕ್ಯಾಮೆರಾದ 'ಎಫ್ ಸ್ಟಾಪ್'ನಲ್ಲಿ ಆ ಸ್ಟಾಪ್ ಇನ್ನೂ ಉಸಿರಾಡುತ್ತಿದೆ. 2, 2.8, 4, 5.6, 8, 11, 16. ಈ ಸಂಖ್ಯೆಗಳು ವಿಚಿತ್ರ ಅನ್ನಿಸಿದರೆ ಎರಡರ ವರ್ಗಮೂಲದಿಂದ ಗುಣಿಸುತ್ತಾ ಹೋಗಿ. ಪ್ರತಿ ಹೆಜ್ಜೆಗೂ ರಂಧ್ರದ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ, ಬೆಳಕೂ ಅರ್ಧ. ಎಂಜಿನಿಯರಿಂಗ್ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬಂತು!

ಇಪ್ಪತ್ತೈದು ಡಾಲರಿನ ಪೆಟ್ಟಿಗೆ

ಈಗ ಈಸ್ಟ್‌ಮನ್‌ಗೆ ವಾಪಸ್ಸು ಬರೋಣ. ಅವನು ರಾಚೆಸ್ಟರಿನ ಬ್ಯಾಂಕಿನ ಗುಮಾಸ್ತ. 1877ರಲ್ಲಿ ಸಾಂಟೋ ಡೊಮಿಂಗೋಗೆ ಪ್ರವಾಸ ಹೋಗುವ ಯೋಚನೆ ಮಾಡಿ ಫೋಟೋ ಸಾಮಾನು ಕೊಂಡ. ಡೇರೆ, ಬಾಟಲಿ, ಗಾಜು, ಸ್ಟ್ಯಾಂಡು. ಹೊರಲಾರದ ಹೊರೆ. ಪ್ರವಾಸ ನಡೆಯಲೇ ಇಲ್ಲ, ಹೊರೆ ಕಡಿಮೆ ಮಾಡುವ ಹುಚ್ಚು ಮಾತ್ರ ಹತ್ತಿಕೊಂಡಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಪ್ರಕಟಿಸಿದ ಒಣ ಜೆಲಟಿನ್ ಲೇಪದ ವಿಧಾನ ದಾರಿ ತೆರೆದಿತ್ತು. 1888ರ ಕೊಡ್ಯಾಕ್ ಕ್ಯಾಮೆರಾಗೆ ಬೆಲೆ 25 ಡಾಲರ್. ಒಳಗೆ 100 ಚಿತ್ರದ ರೋಲು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಕಳಿಸಿ 10 ಡಾಲರ್ ಕೊಟ್ಟರೆ, ಗುಂಡಗಿನ ಫೋಟೋಗಳ ಜೊತೆ ಹೊಸ ರೋಲು ತುಂಬಿದ ಕ್ಯಾಮೆರಾ ವಾಪಸ್ಸು. ಅದರಲ್ಲಿ ಇಣುಕಿ ನೋಡಲು ವ್ಯೂಫೈಂಡರ್ ಸಹ ಇರಲಿಲ್ಲ. 1900ರಲ್ಲಿ ಮಕ್ಕಳಿಗೆಂದೇ ಬಂದ ಬ್ರೌನಿಯ ಬೆಲೆ ಒಂದೇ ಡಾಲರ್.

ಇದರಿಂದ ಕಲೆ ಕೆಟ್ಟಿತು ಅಂತ ಹಳಬರು ಗೊಣಗಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿಯವರೆಗೆ ಫೋಟೋ ಅಂದರೆ ಸ್ಟುಡಿಯೋಗೆ ಹೋಗಿ ಉಸಿರು ಬಿಗಿಹಿಡಿದು ಕೂರುವುದು. ಬ್ರೌನಿ ಬಂದ ಮೇಲೆ ಅಡುಗೆಮನೆ, ಹಿತ್ತಲು, ನಾಯಿಮರಿ ಎಲ್ಲವೂ ಚಿತ್ರವಾಗುವ ಯೋಗ್ಯತೆ ಪಡೆದವು. ಬೆಲೆಯೂ ತೆತ್ತೆವು. ಬೆಳಕು ನೋಡುವ ಕಣ್ಣು ಇಲ್ಲದೆಯೂ ಚಿತ್ರ ಬರುತ್ತದೆ ಅಂತಾದ ಮೇಲೆ ಕಣ್ಣು ತೆರೆಯುವ ಅಗತ್ಯ ಯಾರಿಗಿದೆ? ನಮ್ಮ ಫೋನುಗಳಲ್ಲಿ ಮತ್ತೆ ಯಾರೂ ನೋಡದೆ ಬಿದ್ದಿರುವ ಸಾವಿರಾರು ಫೋಟೋಗಳ ಬೀಜ ಇಲ್ಲಿದೆ.

ಬಾಯಿಪಾಠವಾದ ಚಂದ್ರ

ಅದೇ ಬ್ರೌನಿ ಪೆಟ್ಟಿಗೆಯೊಂದು 1916ರಲ್ಲಿ ಯೋಸೆಮಿಟಿಗೆ ಪ್ರವಾಸ ಬಂದ 14 ವರ್ಷದ ಹುಡುಗನ ಕೈಗೆ ಸಿಕ್ಕಿತು. ಅವನೇ ಆನ್ಸೆಲ್ ಆಡಮ್ಸ್. ಗುಂಡಿ ಒತ್ತುವುದರಿಂದ ಶುರುಮಾಡಿ 'ಮಿಕ್ಕಿದ್ದನ್ನೆಲ್ಲ' ಒಂದೊಂದಾಗಿ ವಾಪಸ್ಸು ಪಡೆದುಕೊಂಡ ಮನುಷ್ಯ. 1940ರ ಆಸುಪಾಸಿನಲ್ಲಿ ಫ್ರೆಡ್ ಆರ್ಚರ್ ಎಂಬ ಸಹೋದ್ಯೋಗಿಯ ಜೊತೆ ಸೇರಿ 'ಝೋನ್ ಸಿಸ್ಟಮ್' ರೂಪಿಸಿದ. ಅಚ್ಚ ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ ಮೆಟ್ಟಿಲು ಮಾಡಿ, ಎದುರಿನ ದೃಶ್ಯದ ಯಾವ ಭಾಗ ಯಾವ ಮೆಟ್ಟಿಲಲ್ಲಿ ಕೂರಬೇಕು ಅಂತ ಗುಂಡಿ ಒತ್ತುವ ಮೊದಲೇ ನಿರ್ಧರಿಸುವ ಲೆಕ್ಕ.

1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಝ್ ಎಂಬ ಹಳ್ಳಿಯ ಪಕ್ಕ ಕಾರಿನಲ್ಲಿ ಹೋಗುತ್ತಿದ್ದಾಗ ಅವನಿಗೆ ಕಂಡದ್ದು ಚರ್ಚಿನ ಮಸಣದ ಬಿಳಿ ಶಿಲುಬೆಗಳ ಮೇಲೆ ಸಂಜೆಯ ಕೊನೆಯ ಬಿಸಿಲು, ಮೇಲೆ ಮೂಡುತ್ತಿರುವ ಚಂದ್ರ. ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಜೋಡಿಸಿದರೆ ಬೆಳಕಿನ ಮೀಟರ್ ಸಿಗಲೇ ಇಲ್ಲ. ಆದರೆ ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅನ್ನುವುದು ಅವನಿಗೆ ನೆನಪಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದ. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಅವನ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದು ಹೀಗೆ ಬಂತು.

ಇನ್ನೊಂದು ಮಜಾ ಇದೆ. ಆಡಮ್ಸ್ ತಾರೀಕು ಬರೆದಿಟ್ಟುಕೊಳ್ಳುವುದರಲ್ಲಿ ಬಹಳ ಸೋಮಾರಿ. ಆ ಚಿತ್ರಕ್ಕೆ ಒಂದೊಂದು ಸಲ ಒಂದೊಂದು ವರ್ಷ ಹೇಳುತ್ತಿದ್ದ. ಕೊನೆಗೆ ಖಗೋಳ ಬಲ್ಲವರು ಚಿತ್ರದಲ್ಲಿರುವ ಚಂದ್ರನ ಸ್ಥಾನದಿಂದಲೇ ಹಿಂದಕ್ಕೆ ಲೆಕ್ಕ ಹಾಕಿ, 1991ರಲ್ಲಿ ಅದು 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷದ ಚಿತ್ರ ಅಂತ ಪತ್ತೆ ಮಾಡಿದರು. ನಿಮ್ಮ ಪ್ರತಿ ಫೋಟೋದ ಜೊತೆ ತಾರೀಕು, ಶಟರ್, ಅಪರ್ಚರ್, ಐಎಸ್‌ಒ ಎಲ್ಲವೂ ಎಕ್ಸಿಫ್ ಆಗಿ ಪುಕ್ಕಟೆ ಉಳಿಯುತ್ತದೆ. ಅದನ್ನು ಎಷ್ಟು ಜನ ತೆರೆದು ನೋಡುತ್ತೇವೆ ಹೇಳಿ? ಲಾಗ್ ಫೈಲ್ ನೋಡದೆ ಡೀಬಗ್ ಮಾಡುವವರನ್ನು ಆಫೀಸಿನಲ್ಲಿ ನಗುತ್ತೇವೆ!

ನಮಗೂ ಆಡಮ್ಸ್‌ನ ಹಾಗೆ ಒಂದು ಬಾಯಿಪಾಠ ಇದೆ. ಫಿಲ್ಮ್ ಡಬ್ಬಿಯ ಜೊತೆ ಬರುತ್ತಿದ್ದ ಚೀಟಿಯಲ್ಲಿ ಸೂರ್ಯ, ಮೋಡದ ಚಿತ್ರ ಬರೆದು ಹೇಳುತ್ತಿದ್ದ ಸೂತ್ರ. ಪೂರ್ಣ ಬಿಸಿಲಿಗೆ ಎಫ್/16, ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟನೇ ಒಂದು ಭಾಗ. ಅಂದರೆ ಐಎಸ್‌ಒ 100 ಇದ್ದರೆ 1/100 ಸೆಕೆಂಡು. ತೆಳು ಮೋಡಕ್ಕೆ ಎಫ್/11, ಮೋಡ ಮುಚ್ಚಿದ ಆಕಾಶಕ್ಕೆ ಎಫ್/8. ಮೀಟರ್ ನೋಡುವ ಮುಂಚೆ ಮನಸ್ಸಿನಲ್ಲೇ ಒಂದು ಊಹೆ ಮಾಡಿ, ಆಮೇಲೆ ಕ್ಯಾಮೆರಾ ಏನು ಹೇಳುತ್ತದೆ ನೋಡಿ. ಒಂದು ತಿಂಗಳಲ್ಲಿ ಊಹೆ ಹತ್ತಿರ ಬರುತ್ತದೆ. ಆಗ ನೀವು ಬೆಳಕನ್ನು ನೋಡಲು ಶುರುಮಾಡಿದ್ದೀರಿ ಅಂತ ಅರ್ಥ. ಹುಣ್ಣಿಮೆಯ ಚಂದ್ರ ಯಾಕೆ ಬಿಳಿ ಉಂಡೆಯಾಗಿ ಬರುತ್ತಾನೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಚಂದ್ರ ಅಂದರೆ ಬಿಸಿಲಿನಲ್ಲಿರುವ ಕಲ್ಲು. ಅವನಿಗೆ ಹಗಲಿನ ಸೆಟ್ಟಿಂಗ್ ಬೇಕು, ಕ್ಯಾಮೆರಾ ಸುತ್ತಲಿನ ಕತ್ತಲು ನೋಡಿ ರಾತ್ರಿಯದು ಕೊಡುತ್ತದೆ.

ಮೂವತ್ತಾರೇ ಮೂವತ್ತಾರು

ಜರ್ಮನಿಯ ವೆಟ್ಸ್‌ಲಾರ್‌ನಲ್ಲಿ ಲೈಟ್ಸ್ ಕಂಪನಿಯ ಆಸ್ಕರ್ ಬರ್ನಾಕ್‌ಗೆ ಅಸ್ತಮಾ. ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲಾಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ 24x36 ಮಿಲಿಮೀಟರ್ ಅಳತೆಯ ಚಿತ್ರ ತೆಗೆಯುವ ಪುಟ್ಟ ಯಂತ್ರವನ್ನು 1914ರ ಹೊತ್ತಿಗೆ ಮಾಡಿಕೊಂಡ. 1925ರಲ್ಲಿ ಅದು 'ಲೈಕಾ' ಆಗಿ ಲೈಪ್‌ಜಿಗ್ ಮೇಳಕ್ಕೆ ಬಂತು. ಇಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ 'ಫುಲ್ ಫ್ರೇಮ್' ಸೆನ್ಸರಿನ ಅಳತೆ ಒಬ್ಬ ಅಸ್ತಮಾ ರೋಗಿಯ ಅನುಕೂಲಕ್ಕೆ ಹುಟ್ಟಿದ್ದು.

ಒಂದು ರೋಲಿಗೆ 36 ಚಿತ್ರ. ನಮ್ಮ ಅಪ್ಪಂದಿರ ಕಾಲದ ಆಗ್ಫಾ ಕ್ಲಿಕ್ 3ರಲ್ಲಿ 12 ಮಾತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲನ್ನು ತುಂಬಿ, ಮದುವೆಯ ಧಾರೆಗೆ ಎಷ್ಟು, ಊಟದ ಪಂಕ್ತಿಗೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕುತ್ತಿದ್ದರು. ಚಿತ್ರ ಹೇಗೆ ಬಂತು ಅಂತ ತಿಳಿಯುವುದು ಸ್ಟುಡಿಯೋದವರು ತೊಳೆದು ಕೊಟ್ಟ ಮೇಲೆ. ಹಾಗಾಗಿ ನೋಡುವ ಕೆಲಸವೆಲ್ಲ ಗುಂಡಿ ಒತ್ತುವ ಮುಂಚೆಯೇ ಮುಗಿಯಬೇಕಿತ್ತು.

ನನ್ನ ಸಲಹೆ: ಒಂದು ಭಾನುವಾರಕ್ಕೆ 36 ಫೋಟೋ ಅಂತ ಮಿತಿ ಹಾಕಿಕೊಳ್ಳಿ. ಝೂಮ್ ಮುಟ್ಟಬೇಡಿ, ಕಾಲಿನಲ್ಲಿ ಝೂಮ್ ಮಾಡಿ. ಸಂಜೆಯವರೆಗೆ ಸ್ಕ್ರೀನ್ ನೋಡಬೇಡಿ. ಮನೆಗೆ ಬಂದು 36ರಲ್ಲಿ ಒಂದನ್ನೇ ಆರಿಸಿ, ಯಾಕೆ ಆರಿಸಿದಿರಿ ಅಂತ ಎರಡು ಸಾಲು ಬರೆಯಿರಿ. ಉಳಿದ 35ರಲ್ಲಿ ಏನು ಕೆಟ್ಟಿದೆ ಅಂತಲೂ ನೋಡಿ: ಅಲುಗಾಟವೋ, ಫೋಕಸ್ಸೋ, ಬೆಳಕೋ, ಇಲ್ಲಾ ಹಿನ್ನೆಲೆಯಲ್ಲಿ ತಲೆಯಿಂದ ಮೂಡಿದ ಲೈಟುಕಂಬವೋ? ನಾಲ್ಕು ಭಾನುವಾರ ಕಳೆದರೆ ನಿಮ್ಮ ಖಾಯಂ ಬಗ್ ಯಾವುದು ಅಂತ ಗೊತ್ತಾಗುತ್ತದೆ.

ಕನ್ನಡಿ ಹಿಡಿದ ಮೈಸೂರಿನವರು

ಬೆಳಕಿನ ಮಾತು ಬಂದಾಗ ನಮ್ಮ ವಿ.ಕೆ. ಮೂರ್ತಿಯವರನ್ನು ನೆನೆಯದಿದ್ದರೆ ತಪ್ಪಾದೀತು. ಮೈಸೂರಿನವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಡಿಪ್ಲೊಮಾ ಮಾಡಿ 1946ರಲ್ಲಿ ಹೊರಬಿದ್ದವರು. ಗುರುದತ್ ಅವರ ಜೊತೆ ಮಾಡಿದ 'ಕಾಗಜ್ ಕೆ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಬೆಳಕಿನ ಕೋಲು ನೋಡಿದವರು ಮರೆಯಲಾರರು. ಅದಕ್ಕೆ ಅವರು ಬಳಸಿದ್ದು ದೊಡ್ಡ ಲೈಟುಗಳನ್ನಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಪ್ರತಿಫಲಿಸಿ ಒಳಗೆ ತಂದರು. ಸೂರ್ಯನ ಕಿರಣ ನೇರ, ಸಮಾನಾಂತರ. ಲೈಟಿನ ಬೆಳಕು ಹರಡುತ್ತದೆ. ಅಷ್ಟೇ ವಿಜ್ಞಾನ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ (2008ನೇ ಸಾಲಿನದು) ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರಲ್ಲಿ ತೀರಿಕೊಂಡರು.

ನಮ್ಮ ಮನೆಗೂ ಒಂದು ಕಿಟಕಿ ಇದೆ, ಒಂದು ಕನ್ನಡಿಯೂ ಇದೆ. ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ. ಕೋಣೆಯ ಲೈಟು ಆರಿಸಿ. ನೆರಳಿನ ಕಡೆ ಬಿಳಿ ಪಂಚೆಯೊಂದನ್ನು ಹಿಡಿಯಲು ತಮ್ಮನಿಗೆ ಹೇಳಿ. ಪಂಚೆ ಹತ್ತಿರ ಬಂದಂತೆ ಕೆನ್ನೆಯ ನೆರಳು ಕರಗುವುದನ್ನು ನೋಡಿ. ಫ್ಲ್ಯಾಶ್ ಹಾಕಬೇಡಿ, ಆ ಮುಖದ ಅರವತ್ತು ವರ್ಷದ ಗೆರೆಗಳನ್ನು ಒಂದೇ ಹೊಡೆತಕ್ಕೆ ಚಪ್ಪಟೆ ಮಾಡಿಬಿಡುತ್ತದೆ. ಆ ಗೆರೆಗಳಿಗಾಗಿಯೇ ಅಲ್ಲವೇ ಫೋಟೋ ತೆಗೆಯುತ್ತಿರುವುದು?

ಜೇಬಿನಲ್ಲಿರುವ ಪೆಟ್ಟಿಗೆ

1975ರಲ್ಲಿ ಈಸ್ಟ್‌ಮನ್ ಕಟ್ಟಿದ ಕೊಡ್ಯಾಕ್ ಕಂಪನಿಯಲ್ಲೇ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ. ತೂಕ ಸುಮಾರು 3.6 ಕಿಲೋ, ಪಿಕ್ಸೆಲ್ 10,000, ಕಪ್ಪುಬಿಳುಪು. ಒಂದು ಚಿತ್ರ ಕ್ಯಾಸೆಟ್ಟಿಗೆ ಹೋಗಲು 23 ಸೆಕೆಂಡು. ಫಿಲ್ಮಿನಿಂದ ಬದುಕಿದ್ದ ಕಂಪನಿ ಅದನ್ನು ಬೆನ್ನು ಹತ್ತಲು ತಡಮಾಡಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಸ್ಟ್‌ಮನ್‌ನ ಮಾತು ಮಾತ್ರ ದಿವಾಳಿಯಾಗಲಿಲ್ಲ. ಇಂದಿನ ಫೋನು ಗುಂಡಿ ಒತ್ತಿದಾಗ ಹಲವು ಫ್ರೇಮುಗಳನ್ನು ತೆಗೆದು, ಜೋಡಿಸಿ, ಆಕಾಶ ಸರಿಮಾಡಿ, ಮುಖ ಬೆಳಗಿಸಿ ಕೊಡುತ್ತದೆ. 'ಮಿಕ್ಕಿದ್ದು' ಎಂದಿಗಿಂತ ದೊಡ್ಡದಾಗಿದೆ.

ಹಾಗಂತ ಕೊಲೋಡಿಯನ್ ಬಾಟಲಿ ಹೊತ್ತು ತಿರುಗಬೇಕಾಗಿಲ್ಲ. ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದು ವರ್ಷಗಟ್ಟಲೆ ಫೋಟೋ ತೆಗೆದ ನಮ್ಮ ಪೂರ್ಣಚಂದ್ರ ತೇಜಸ್ವಿಯವರ ಚಿತ್ರಗಳನ್ನು ನೋಡಿದರೆ ಅವರಿಗೆ ಕ್ಯಾಮೆರಾಕ್ಕಿಂತ ಹಕ್ಕಿ ಹೆಚ್ಚು ಗೊತ್ತಿತ್ತು ಅನ್ನಿಸುತ್ತದೆ. ಯಂತ್ರಕ್ಕೆ ಬಿಟ್ಟುಕೊಡಬಾರದ ಭಾಗ ಅದೇ. ಏನನ್ನು, ಯಾವ ಬೆಳಕಿನಲ್ಲಿ, ಎಷ್ಟು ಹೊತ್ತು ನೋಡಬೇಕು ಅನ್ನುವುದು. ಲೆಕ್ಕವನ್ನು ಬೇಕಾದರೆ ಫೋನು ಮಾಡಲಿ. ಏನನ್ನು ಬಿಟ್ಟುಕೊಟ್ಟಿದ್ದೇವೆ ಅಂತ ನಮಗೆ ಗೊತ್ತಿದ್ದರೆ ಸಾಕು, ಬೇಕಾದ ದಿನ ವಾಪಸ್ಸು ಕೇಳಬಹುದು.

ಮುಂದಿನ ಭಾನುವಾರದ 36ರಲ್ಲಿ ನೀವು ಆರಿಸಿದ ಆ ಒಂದನ್ನು ನಿಮ್ಮ ಬ್ಲಾಗಿನಲ್ಲಿ ಹಾಕಿ, ಜೊತೆಗೆ ಆ ಎರಡು ಸಾಲು ಮರೆಯಬೇಡಿ. ಕಾಯುತ್ತಿರುತ್ತೇನೆ.